ಗೊರ್ಕೆಲ್

ಇದು ನಡೆದ ಕಥೆ. ನಡೆದದ್ದು ಈಜುಕೊಳದಲ್ಲಾದ್ದರಿಂದ ಈಜಿದ ಕಥೆ ಎಂದರೂ ನಡೆಯುತ್ತದೆ.

ಕೊಳದ ಸಾಮಾನು ಕೋಣೆ ಅತ್ತಿಗೆಯ ಸುಪರ್ದಿನಲ್ಲಿತ್ತು. ಈಜುವವರು ಬಿಟ್ಟುಹೋದ ಕನ್ನಡಕ, ಉಸಿರಾಟದ ಕೊಳವೆಗಳನ್ನು ಕ್ಲೋರಿನ್ ನೀರಿನಲ್ಲಿ ಅದ್ದಿ, ಜಾಡಿಸಿ, ಮೊಳೆಗೆ ನೇತುಹಾಕುವುದು ಅವಳ ಕೆಲಸ. ಅಲ್ಲೇ ಈಜು ಕಲಿಸುತ್ತಿದ್ದ ಗಂಡ ಒಂದು ದಿನ ಎದೆನೋವೆಂದು ಕೂತವನು ಏಳಲಿಲ್ಲ. ಅಂದಿನಿಂದ ಅವಳು ಅತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಯಾರದೋ ಆಗುತ್ತದಲ್ಲ, ಹಾಗೆ ಇಡೀ ಮೈ ಯಾರದೋ ಆಗಿತ್ತು. ಸಮಾಧಾನ ಹೇಳಲು ಬಂದವರನ್ನು "ಚಹಾಕ್ಕೆ ಸಕ್ಕರೆ ಎಷ್ಟು?" ಎಂದಷ್ಟೇ ಕೇಳಿದ್ದಳು.

ನಿದ್ದೆಯೂ ಇರಲಿಲ್ಲ. ಇಷ್ಟು ವರ್ಷ ಗಂಡನ ಗೊರಕೆಗೆ ಶಾಪ ಹಾಕುತ್ತಲೇ ಮಲಗುತ್ತಿದ್ದವಳನ್ನು ಈಗ ಮೌನವೇ ಎಬ್ಬಿಸಿ ಕೂರಿಸುತ್ತಿತ್ತು. ಹಗಲು ತೂಕಡಿಸಿ, ಗಿರಿಜಾ ಮೀಸೆಯ ಗಿರಾಕಿಯೊಬ್ಬರಿಗೆ ಬಾತುಕೋಳಿ ಚಿತ್ರದ ಮಕ್ಕಳ ಟೋಪಿ ಕೊಟ್ಟಿದ್ದಳು. ಹೀಗೇ ಆದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮ್ಯಾನೇಜರು ಮೆತ್ತಗೆ ಹೇಳಿದ್ದರು. ಅದೂ ಅವಳಿಗೆ ತಾಗಲಿಲ್ಲ.

ತಾಗಿದ್ದು ಮೈದುನನಿಗೆ. ಅವನು ಕಾಲೇಜಿನಲ್ಲಿ ಭಾಷೆ ಕಲಿಸುವವನು. ಮಾತು ತಿರುಚುವುದು, ಕಂಡವರ ದನಿ ಕದಿಯುವುದು ಅವನ ಚಾಳಿ. ಒಂದು ಸಂಜೆ ಬಂದವನೇ ಮೊಳೆಯಿಂದ ಕೊಳವೆ ತೆಗೆದ.

"ಅತ್ತಿಗೆ, ಇದಕ್ಕೇನಂತೀರಾ?"

"ಸ್ನಾರ್ಕೆಲ್ಲು. ತೊಳ್ದಿಟ್ಟಿದೀನಿ, ಮುಟ್ಬೇಡ."

"ಹೆಸರು ಎಲ್ಲಿಂದ ಬಂತು ಗೊತ್ತಾ? ನೀರೊಳಗೆ ಹೋಗೋ ಹಡಗಿಗೆ ಗಾಳಿ ಎಳ್ಕೊಳ್ಳೋ ಕೊಳವೆ ಇತ್ತು. ಜರ್ಮನ್ ನಾವಿಕರು ಅದನ್ನ ಆಡುಮಾತಲ್ಲಿ ಶ್ನೋರ್ಖೆಲ್, ಅಂದ್ರೆ ಮೂಗು, ಮೂತಿ ಅಂತ ಕರೆದ್ರು. ಆ ಪದಕ್ಕೂ ಅವರ ಗೊರಕೆಗೂ ನೆಂಟಸ್ತನ."

"ಅದಕ್ಕೇನೀಗ?"

"ಇದು ಸ್ನಾರ್ಕೆಲ್ ಅಲ್ಲ, ಗೊರ್ಕೆಲ್. ಮುಳುಗಿದೋರು ಇನ್ನೂ ಉಸಿರಾಡ್ತಿದಾರೆ ಅಂತ ಮೇಲಿದ್ದೋರಿಗೆ ತಿಳಿಸೋ ಮೂಗು."

"ನಿಮ್ಮಣ್ಣನ ಗೊರಕೆಗೆ ಕೊಳವೆ ಬೇಕಿರ್ಲಿಲ್ಲ ಬಿಡು," ಎಂದಳು, ಬಸ್ಸಿನ ಹೊತ್ತು ಹೇಳುವವಳ ಹಾಗೆ. ಕ್ಲೋರಿನ್ ನೀರಿನ ತೊಟ್ಟಿಗೆ ಬಾಗಿದಳು.

ಮೈದುನ ಕೊಳವೆ ಕಚ್ಚಿಕೊಂಡು ಕೋಣೆ ಬಾಗಿಲಿನ ಪರದೆಯ ಹಿಂದೆ ಸರಿದ. ಕೀಲಿ ಕೇಳಲು ಬಂದ ಮ್ಯಾನೇಜರಿಗೆ ಬೆರಳಲ್ಲೇ ಸುಮ್ಮನಿರಿ ಎಂದ.

ಮೊದಲು ಮರ ಕೊಯ್ಯುವ ಸದ್ದು. ಆಮೇಲೆ ಗಂಟಲಿಗೆ ಏನೋ ಸಿಕ್ಕಂತೆ ಒಂದು ನಿಲುಗಡೆ. ಕೊನೆಗೆ, ಕೂಗಲೋ ಬೇಡವೋ ಎನ್ನುವ ಕುಕ್ಕರಿನ ಸಣ್ಣ ಸೀಟಿ. ಅಣ್ಣನದೇ ಗೊರಕೆ, ಅಚ್ಚೊತ್ತಿದಂತೆ.

ಅತ್ತಿಗೆಯ ಕೈ ನೀರಿನಲ್ಲೇ ನಿಂತಿತು. ತಿರುಗಿ ನೋಡಲಿಲ್ಲ. ಬಾಯಿ ಮಾತ್ರ ತನ್ನ ಪಾಡಿಗೆ ಹೇಳಿತು:

"ರೀ, ಆ ಕಡೆ ತಿರುಗ್ರೀ."

ಗೊರಕೆ ನಿಂತಿತು. ಎಂಥ ಕೆಲಸ ಮಾಡಿಬಿಟ್ಟೆ ಎಂದುಕೊಂಡ ಮೈದುನ. ಬೇರೇನೂ ತೋಚದೆ, ಹೇಳಿದಂತೆ ಆ ಕಡೆ ತಿರುಗಿದ. ಕೊಳವೆಯ ತುದಿ ಸಿಕ್ಕಿಕೊಂಡು ಪರದೆ ಕಂಬಿಸಮೇತ ಅವನ ತಲೆಯ ಮೇಲೆ ಬಿತ್ತು. ಮ್ಯಾನೇಜರು ಕಿಸಕ್ಕೆಂದರು. ಪರದೆಯೊಳಗಿಂದ ಮೈದುನನೂ ಹೆದರುತ್ತಲೇ ನಕ್ಕ.

ಅವಳು ಒದ್ದೆ ಕೈಗಳನ್ನು ಮುಖಕ್ಕೆ ಒತ್ತಿಕೊಂಡಳು. ಕ್ಲೋರಿನ್ನಿಗೆ ಕಣ್ಣು ಉರಿಯಿತು. ಉರಿಯುತ್ತಿದೆ ಎಂದು ಅವಳಿಗೆ ಗೊತ್ತಾಯಿತು.

"ನಿಮ್ಮಣ್ಣ ಒಂದಿನಾನೂ ಹೇಳಿದ ತಕ್ಷಣ ತಿರುಗಿದೋರಲ್ಲ ಕಣೋ," ಎಂದು ನಗತೊಡಗಿದಳು. ನಡುವೆ ಬಾಯಿ ಹರಿಯುವಂಥ ಆಕಳಿಕೆ ಬಂತು. ಅದನ್ನೂ ದಾಟಿಕೊಂಡು, ಕೊಳದ ಆಚೆ ಗೋಡೆಗೆ ಬಡಿದು ಬರುವಷ್ಟು, ಅವರಿಬ್ಬರ ನಗುವನ್ನೂ ಮುಳುಗಿಸುವಷ್ಟು ಜೋರಾಗಿ ನಕ್ಕಳು.