ಪಾಲಿಶ್ ಹಚ್ಚುವವಳು

"ಇದನ್ನ ಯಾಕೆ ಹೊತ್ಕೊಂಡು ಬಂದೆ?" ಭಾವ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಲೇತ್ ಇಲ್ದೆ ಹೇಗೆ ಮಾಡಿ ತೋರಿಸ್ತೀರ ಭಾವ?" ಅವಳು ಬಗ್ಗಿ ಮರ ಕಡೆಯುವ ಆ ಪುಟ್ಟ ಯಂತ್ರವನ್ನು ಮೇಜಿಗೆ ಬಿಗಿದಳು.

ಪ್ರದರ್ಶನದ ಸಭಾಂಗಣದಲ್ಲಿ ಆಗಲೇ ಜನ ಸೇರಿದ್ದರು. ಮರದ ಪೆನ್ನು ಮಾಡುವುದನ್ನು ಭಾವ ಕಣ್ಣೆದುರೇ ತೋರಿಸುತ್ತಾನೆಂದು ಅವನ ಪರವಾಗಿ ಒಪ್ಪಿಕೊಂಡು, ಬಾಗಿಲಿಗೆ ಬೋರ್ಡು ಹಾಕಿಸಿದವಳು ಅವಳೇ. ಆರು ವರ್ಷದಿಂದ ಹಿಂದಿನ ಕೋಣೆಯಲ್ಲಿ ನಿಂತು ಪೆನ್ನು ಕಡೆದವಳೂ ಅವಳೇ. ಭಾವನದು ಮಾರುವ ಕೆಲಸ. ಮಾತಿನಲ್ಲಿ ಅವನದು ಎತ್ತಿದ ಕೈ. ಪೆನ್ನಿನ ಪೆಟ್ಟಿಗೆಯ ಮೇಲೆ ಅವನ ಹೆಸರು ಬಂದಾಗ ಗಂಡ, "ಅಣ್ಣ ತಾನೆ, ಬಿಡು" ಎಂದಿದ್ದ. ಬಿಟ್ಟಿದ್ದಳು. ಆದರೆ ಕಳೆದ ವಾರ ಪತ್ರಿಕೆಯಲ್ಲಿ ಭಾವನ ಫೋಟೊ ಬಂತು. ಅವಳ ಉಳಿಯನ್ನು ತಲೆಕೆಳಗಾಗಿ ಹಿಡಿದಿದ್ದ. ಕೆಳಗೆ ಅವನ ಮಾತು: "ಎಲ್ಲಾ ನನ್ನ ಕೈಯಿಂದಲೇ. ತಮ್ಮನ ಹೆಂಡತಿ ಪಾಲಿಶ್ ಹಚ್ಚಿ ಕೊಡ್ತಾಳೆ, ಅಷ್ಟೆ."

ಆ 'ಅಷ್ಟೆ' ಓದಿ ಅವಳ ಮೈಯೆಲ್ಲ ಉರಿದುಹೋಯಿತು. ಇವನ ಮಾನ ನಾಲ್ಕು ಜನರೆದುರೇ ಹೋಗಬೇಕು ಎಂದು ಅಂದೇ ತೀರ್ಮಾನಿಸಿದ್ದಳು.

"ಪೇಪರಲ್ಲಿ ಓದಿದೆ, ನೀನು ಪಾಲಿಶ್ ಹಚ್ಚೋಳಲ್ವಾ?" ಮುಂದಿನ ಸಾಲಿನ ಅಜ್ಜಿಯೊಬ್ಬಳು ಕೇಳಿದಳು.

"ಹೂಂ ಅಜ್ಜಿ, ಅಷ್ಟೆ."

ಭಾವ ನಕ್ಕ, ಕೆಮ್ಮಿದ, ಮರದ ಗುಣದ ಬಗ್ಗೆ ಹತ್ತು ನಿಮಿಷ ಕೊರೆದ.

"ಮಾತು ಸಾಕಪ್ಪಾ, ಪೆನ್ನು ಮಾಡು," ಎಂದಳು ಅಜ್ಜಿ. ಜನ ನಕ್ಕರು.

ಬೇರೆ ದಾರಿ ಕಾಣದೆ ಅವನು ಸ್ವಿಚ್ ಒತ್ತಿದ. ಮರದ ತುಂಡು ಗಿರ್ರನೆ ತಿರುಗಿತು. ಉಳಿ ಹಿಡಿದು ಬಗ್ಗಿದಾಗ ಹೊಸ ಅಂಗಿಯ ಅಗಲ ತೋಳು ಜೋತುಬಿದ್ದು, ತಿರುಗುವ ಮರದಿಂದ ಎರಡು ಬೆರಳು ದೂರದಲ್ಲಿ ತೂಗಾಡಿತು.

ಅವಳು ನೋಡಿದಳು. ಬಟ್ಟೆ ಸಿಕ್ಕಿಕೊಂಡರೆ ಜೊತೆಗೆ ಕೈಯನ್ನೂ ಎಳೆದುಕೊಂಡುಬಿಡುತ್ತದೆ. ಮೊದಲ ದಿನವೇ ಅವಳು ಕಲಿತ ಪಾಠ ಅದು. ಸಿಗಲಿ, ಎಂದಿತು ಮನಸ್ಸು. ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ ನಿಂತಳು. ಹಾಗೆ ನಿಲ್ಲುವುದು ಅವಳಿಗೆ ಹಿತವಾಗಿತ್ತು.

ಆಮೇಲೆ ಪ್ಲಗ್ ಕಿತ್ತಳು.

"ತೋಳು ಮಡಚ್ಕೊಳ್ಳಿ ಭಾವ," ಹಿಂದಿನ ಸಾಲಿಗೂ ಕೇಳುವಂತೆ ಹೇಳಿದಳು. "ಒಂದೇ ಒಂದು ಪೆನ್ನು ಮಾಡಿದೋರಿಗೂ ಇದು ಗೊತ್ತಿರುತ್ತೆ."

ಯಾರೂ ನಗಲಿಲ್ಲ. ಅಜ್ಜಿ ಅವನ ನುಣುಪು ಕೈ ನೋಡಿದಳು, ಆಮೇಲೆ ಪ್ಲಗ್ ಹಿಡಿದಿದ್ದ ಅವಳ ಮುಂಗೈ ತುಂಬ ಇದ್ದ ಗಾಯದ ಕಲೆಗಳನ್ನು ನೋಡಿದಳು. ಭಾವ ತೋಳು ಮಡಚುವ ನೆಪದಲ್ಲಿ ಅವಳತ್ತ ಬಾಗಿದ.

"ಮನೆ ಮರ್ಯಾದೆ ಕಣಮ್ಮ. ಯಂತ್ರ ಕೆಟ್ಟಿದೆ ಅಂತ ಹೇಳಿಬಿಡು. ನಿನಗೆ ಕೈ ಮುಗೀತೀನಿ."

"ಚೆನ್ನಾಗೇ ಇದೆ ಭಾವ," ಎಂದು ಅವಳು ಪ್ಲಗ್ ಮತ್ತೆ ಸಿಕ್ಕಿಸಿದಳು. "ಶುರು ಮಾಡಿ."

ಮೇಜು ಬಳಸಿ ವೇದಿಕೆಯಿಂದ ಕೆಳಗೆ ಬಂದಳು. ಅಜ್ಜಿ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಜಾಗ ಮಾಡಿಕೊಟ್ಟಳು. ಅವಳು ಕೂತಳು.