ಅಸುಂತಾಬಾಯಿಯ ಹೆಸರಿನ ಊಟ

ನಾನು ಒಂದು ಕಲ್ಲಹಂಚು. ಹಂಚು ಎಂದರೆ ಈಗಿನವರ ಕಣ್ಣಿಗೆ ಕಟ್ಟುವುದು ಕಬ್ಬಿಣದ್ದು, ಇಲ್ಲವೆ ಕರಿ ಬಣ್ಣ ಬಳಿದ ಅಲ್ಯೂಮಿನಿಯಮ್ಮಿನದು. ನಾನು ಬಳಪದ ಕಲ್ಲಿನಿಂದ ಆದದ್ದು. ಅಗಲ ಒಂದೂವರೆ ಗೇಣು, ದಪ್ಪ ಎರಡು ಬೆರಳು. ನನ್ನನ್ನು ಎತ್ತಬೇಕೆಂದರೆ ಎರಡೂ ಕೈ ಬೇಕು.

ನನ್ನನ್ನು ಕಡೆದವನು ಮಾನಪ್ಪ ಎಂಬ ಕಲ್ಲುಕುಟಿಗ. ಗುಡಿಯೊಂದಕ್ಕೆ ಮೂರ್ತಿ ಮಾಡಲು ಅವನು ದೊಡ್ಡ ಕಲ್ಲು ತರಿಸಿದ್ದ. ಮೂರ್ತಿಗೆ ಬೇಕಾದಷ್ಟು ಕೊಯ್ದ ಮೇಲೆ ಉಳಿದ ತುಂಡಿನಲ್ಲಿ ಬಿಳಿಯ ಗೆರೆಯೊಂದಿತ್ತು. ಗೆರೆ ಇದ್ದ ಕಲ್ಲು ದೇವರಾಗುವುದಿಲ್ಲ. ಮಾನಪ್ಪ ಎಸೆಯಲಿಲ್ಲ. ದುಂಡಗೆ ಕಡೆದು, ಉಜ್ಜಿ ನಯ ಮಾಡಿ, “ದೇವರ ಆಗದಿದ್ರ ಏನಾತು, ರೊಟ್ಟಿ ಬೇಯಿಸ್ತೀ ಹೋಗು” ಎಂದು ನನ್ನ ಬೆನ್ನು ತಟ್ಟಿದ. ಆ ಕೈ ಒರಟಾಗಿತ್ತು. ಆದರೂ ಅದಕ್ಕಿಂತ ಮೆತ್ತಗಿನ ಕೈ ನನ್ನನ್ನು ಮುಟ್ಟಿದ್ದು ಕಡಿಮೆ.

ಧಾರವಾಡದ ಮಾಳಮಡ್ಡಿಯ ತುಂಗಕ್ಕ ನನ್ನನ್ನು ಕೊಂಡು ತಂದಳು. ಎಣ್ಣೆ, ಅರಿಸಿನ ಸವರಿ, ಎಂಟು ದಿನ ಗಂಜಿ ಕುಡಿಸಿ, ಸಣ್ಣ ಉರಿಯ ಮೇಲಿಟ್ಟು ನನ್ನನ್ನು ಪಳಗಿಸಿದಳು. ತುಂಗಕ್ಕನ ಮಡಿ ಬಹಳ ಕಟ್ಟುನಿಟ್ಟು. ಸ್ನಾನ ಮಾಡಿ ಒದ್ದೆ ಸೀರೆ ಉಟ್ಟವರಲ್ಲದೆ ಮತ್ತಾರೂ ನನ್ನನ್ನು ಮುಟ್ಟುವಂತಿರಲಿಲ್ಲ. ಸೊಸೆಯಾಗಿ ಬಂದ ದ್ವಾರಕಾಬಾಯಿ ಆ ಮಡಿಯನ್ನು ಅತ್ತೆಯಿಂದ ಕಲಿತಳು, ಅತ್ತೆಯನ್ನೂ ಮೀರಿಸಿದಳು. ಮದುವೆಯ ಊಟವೇ ಇರಲಿ, ಬಂಧುಗಳ ಮನೆಯೇ ಇರಲಿ, ತನ್ನ ಕೈಯಿಂದ ಅಥವಾ ಅತ್ತೆಯ ಕೈಯಿಂದ ಆಗದ ಅನ್ನವನ್ನು ಅವಳು ಉಂಡವಳಲ್ಲ. ಪ್ರವಾಸಕ್ಕೆ ಹೊರಟರೆ ಡಬ್ಬಿಯಲ್ಲಿ ಅವಲಕ್ಕಿ ಕಟ್ಟಿಕೊಳ್ಳುತ್ತಿದ್ದಳು. ಅವಳ ಗಂಡ ಶ್ಯಾಮರಾಯರು ಅಂಚೆ ಕಚೇರಿಯಲ್ಲಿದ್ದವರು, ಸಂಗೀತದ ಹುಚ್ಚಿನವರು, ಹೋದಲ್ಲಿ ಸಿಕ್ಕಿದ್ದನ್ನು ತಿನ್ನುವವರು. ಇಬ್ಬರಿಗೂ ಈ ವಿಷಯದಲ್ಲಿ ಜಗಳವಿರಲಿಲ್ಲ. ಅವರದು ಅವರಿಗೆ, ಇವಳದು ಇವಳಿಗೆ.

ಮನೆಗೆ ಗ್ಯಾಸು ಬಂತು. ನಾನು ಕಾಯುವುದು ನಿಧಾನ. ನನ್ನನ್ನು ಕಾಯಿಸುವಷ್ಟರಲ್ಲಿ ತಗಡಿನ ಹಂಚಿನ ಮೇಲೆ ನಾಲ್ಕು ಚಪಾತಿ ಆಗಿಬಿಡುತ್ತಿದ್ದವು. ತುಂಗಕ್ಕ ತೀರಿಕೊಂಡ ಮೇಲೆ ನಾನು ಹಿತ್ತಲಿಗೆ ಬಂದೆ. ನೀರಿನ ಹೌದಿನ ಬಾಯಿಗೆ ಮುಚ್ಚಳವಾದೆ. ಹದಿನೇಳು ವರ್ಷ ನಾನು ಬೆಂಕಿ ಕಾಣಲಿಲ್ಲ. ಬಿಸಿಲಿಗೆ ಕಾದು, ಮಳೆಗೆ ತೊಯ್ದು, ಮೇಲೆ ಕೂತ ಬೆಕ್ಕನ್ನು ಹೊತ್ತುಕೊಂಡು ದಿನ ಕಳೆದೆ.

ಆ ಹಿತ್ತಲಿನಿಂದ ಮಹಡಿಗೆ ಹೋಗುವ ಮೆಟ್ಟಿಲುಗಳಿದ್ದವು. ಮಹಡಿಯ ಕೋಣೆಯನ್ನು ಶ್ಯಾಮರಾಯರು ಸಂಗೀತ ಕಲಿಯಲು ಇಟಲಿಯಿಂದ ಬಂದ ಹೆಣ್ಣುಮಗಳೊಬ್ಬಳಿಗೆ ಬಾಡಿಗೆಗೆ ಕೊಟ್ಟರು. ಹೆಸರು ಪಾವೊಲಾ. ದ್ವಾರಕಾಬಾಯಿಯ ಬಾಯಲ್ಲಿ ಅದು “ಪಾವಲಿ” ಆಯಿತು. ಹಳೆಯ ನಾಲ್ಕಾಣೆಯ ಹೆಸರು ತನಗೆ ಬಂದಿದೆ ಎಂದು ತಿಳಿದಾಗ ಆ ಹುಡುಗಿ ಮೆಟ್ಟಿಲ ಮೇಲೆ ಕೂತು ನಕ್ಕಿದ್ದನ್ನು ನಾನು ಕೇಳಿದ್ದೇನೆ. ಮೂರು ವರ್ಷ ಅವಳು ಮೇಲೆ, ಇವರು ಕೆಳಗೆ. ಅವಳ ಅಡಿಗೆ ಅವಳಿಗೆ. ಕೆಳಗಿನ ಅಡಿಗೆಮನೆಯ ಹೊಸ್ತಿಲನ್ನು ಅವಳು ದಾಟುವಂತಿರಲಿಲ್ಲ. ದಾಟಲೂ ಇಲ್ಲ. ದಿನಾ ಮುಂಜಾನೆ ಅವಳ ಷಡ್ಜ ಮೆಟ್ಟಿಲಿಳಿದು ಹಿತ್ತಲಿಗೆ ಬರುತ್ತಿತ್ತು.

ಆ ವರ್ಷ ಯುಗಾದಿಯ ಹೊತ್ತಿಗೆ ಊರೆಲ್ಲ ಬಾಗಿಲು ಹಾಕಿತು. ಹೊಸ ಜ್ವರದ ಹೆದರಿಕೆ. ರಸ್ತೆಯಲ್ಲಿ ಸೈಕಲ್ಲಿನ ಸದ್ದೂ ಇಲ್ಲ. ಇಟಲಿಯಲ್ಲಿ ಜನ ಸಾಯುತ್ತಿರುವ ಸುದ್ದಿ ಶ್ಯಾಮರಾಯರ ರೇಡಿಯೊದಲ್ಲಿ ದಿನಾ ಬರುತ್ತಿತ್ತು. ಪಾವೊಲಾ ಮೆಟ್ಟಿಲಿಳಿಯುವುದು ಕಂಡರೆ ಅವರು ಅದನ್ನು ಆರಿಸುತ್ತಿದ್ದರು.

ಒಂದು ದಿನ ಬಿಸಿಲೇರಿದ ಹೊತ್ತಿನಲ್ಲಿ ಅವಳು ನೀರಿಗೆಂದು ಕೆಳಗೆ ಬಂದಳು. ಕೈಯಲ್ಲಿದ್ದ ಫೋನು ಸದ್ದು ಮಾಡಿತು. ಅವಳ ಮಾತು ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಮಾತಾಡಿದಳು, ಆಮೇಲೆ ಕೇಳಿಸಿಕೊಂಡಳು, ಆಮೇಲೆ ಕೊಡ ಅಲ್ಲಿಯೇ ಬಿಟ್ಟು ನನ್ನ ಮೇಲೆ ಕುಳಿತಳು. ಅಳಲಿಲ್ಲ. ಒಳಗಿನಿಂದ ನೋಡಿದ ಶ್ಯಾಮರಾಯರು ಓಡಿ ಬಂದರು.

“ಏನಾತವ್ವಾ?”

“ಅಮ್ಮ ಹೋದ್ರು, ಕಾಕಾ. ದವಾಖಾನ್ಯಾಗ. ಯಾರನ್ನೂ ಹತ್ರ ಬಿಡ್ಲಿಲ್ಲಂತ. ಅಪ್ಪನ್ನೂ ಬಿಡ್ಲಿಲ್ಲ.”

ವಿಮಾನವಿಲ್ಲ, ರೈಲಿಲ್ಲ. ಹೋಗುವ ಮಾತೇ ಇರಲಿಲ್ಲ. ಅವಳು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಷಡ್ಜ ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಶ್ಯಾಮರಾಯರು ಮೆಟ್ಟಿಲ ಮೇಲೆ ಹಣ್ಣು, ಹಾಲು ಇಟ್ಟು ಬರುತ್ತಿದ್ದರು. ಸಂಜೆಗೆ ಅವು ಇಟ್ಟಲ್ಲೇ ಇರುತ್ತಿದ್ದವು.

ದ್ವಾರಕಾಬಾಯಿ ನಾಲ್ಕು ದಿನ ಹಿತ್ತಲಲ್ಲಿ ಸುಳಿದಾಡಿದಳು. ಅವಳಿಗೆ ಒಂದೇ ಮಾತು ಕೊರೆಯುತ್ತಿತ್ತು. ಆ ತಾಯಿಯ ಬಾಯಿಗೆ ಯಾರೂ ನೀರು ಬಿಡಲಿಲ್ಲ, ಹೆಸರು ಹಿಡಿದು ಯಾರೂ ಕರೆಯಲಿಲ್ಲ. ಐದನೆಯ ದಿನ ಅವಳು ಮೆಟ್ಟಿಲು ಹತ್ತಿದಳು. ಮೂರು ವರ್ಷದಲ್ಲಿ ಅದೇ ಮೊದಲು. ಬಾಗಿಲು ತಟ್ಟಿ, ಪಾವೊಲಾಳನ್ನು ಕೈಹಿಡಿದು ಇಳಿಸಿಕೊಂಡು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂಡಿಸಿದಳು.

“ಪಾವಲೀ, ನಮ್ಮಲ್ಲೆ ಒಂದು ಪದ್ಧತಿ ಅದ. ಹದಿಮೂರನೇ ದಿವಸ, ಹೋದವರಿಗೆ ಏನು ಸೇರ್ತಿತ್ತೋ ಅದನ್ನ ಮಾಡಿ ಬಡಸಬೇಕು. ಇಲ್ಲಂದ್ರ ಜೀವ ಹಸಗೊಂಡು ಹೋಗತದ. ನಿಮ್ಮವ್ವಗ ಏನು ಸೇರ್ತಿತ್ತು?”

“ಪಿಜ್ಜಾ,” ಎಂದಳು ಪಾವೊಲಾ. “ಮನ್ಯಾಗ ಮಾಡಿದ್ದು. ಅಂಗಡೀದು ಅಮ್ಮ ಮುಟ್ತಿರ್ಲಿಲ್ಲ.”

“ಅಂಗಡೀದು ಮುಟ್ತಿರ್ಲಿಲ್ಲೇನು?” ದ್ವಾರಕಾಬಾಯಿಯ ಮುಖ ಒಂದಿಷ್ಟು ಸಡಿಲಾಯಿತು. “ಶ್ಯಾಣ್ಯಾ ಹೆಂಗಸು. ಹೇಳು, ಅದಕ್ಕ ಏನೇನು ಬೇಕು?”

ಹಿಟ್ಟು, ನೀರು, ಉಪ್ಪು, ಟೊಮ್ಯಾಟೊ, ಚೀಸು, ಒಂದು ಸೊಪ್ಪು. ಹಿಟ್ಟು ಉಬ್ಬಲು ಈಸ್ಟು. ಅಂಗಡಿಗಳು ಬೆಳಿಗ್ಗೆ ಎರಡು ತಾಸು ಮಾತ್ರ ತೆರೆಯುತ್ತಿದ್ದವು. ಈಸ್ಟು ಎಲ್ಲೂ ಇರಲಿಲ್ಲ. “ಅಮ್ಮ ಈಸ್ಟು ಹಾಕ್ತಿರ್ಲಿಲ್ಲ,” ಎಂದಳು ಪಾವೊಲಾ. “ಬರೇ ಹಿಟ್ಟು, ನೀರು ಕಲಸಿ ಇಡ್ತಿದ್ರು. ತಾನs ಹುಳಿ ಬರ್ತದ. ನಮ್ಮಲ್ಲೆ ಅದಕ್ಕ ತಾಯಿ ಅಂತಾರ. ಆದ್ರ ಎಂಟು ದಿನ ಬೇಕು.”

ದ್ವಾರಕಾಬಾಯಿ ಬೆರಳು ಮಡಿಚಿ ಎಣಿಸಿದಳು. “ಎಂಟs ದಿನ ಅವ.”

ಹೀಗೆ ಒಂದು ಗಾಜಿನ ಭರಣಿಯಲ್ಲಿ ಗೋಧಿ ಹಿಟ್ಟು ಮತ್ತು ನೀರು ಕಲಸಿ ಮೆಟ್ಟಿಲ ನೆರಳಿನಲ್ಲಿ ಇಟ್ಟರು. ದಿನಾ ಮುಂಜಾನೆ ಅದರಲ್ಲಿ ಅರ್ಧ ತೆಗೆದು ಹೊಸ ಹಿಟ್ಟು, ಹೊಸ ನೀರು ಹಾಕಬೇಕು. ಹಾಕದಿದ್ದರೆ ಅದು ಸಾಯುತ್ತದೆ. ಆದ್ದರಿಂದ ಪಾವೊಲಾ ದಿನಾ ಏಳಬೇಕಾಯಿತು, ಕೆಳಗೆ ಬರಬೇಕಾಯಿತು. ಮೂರನೆಯ ದಿನ ಭರಣಿ ಕೆಟ್ಟ ನಾತ ಹೊಡೆಯಿತು. “ಹೋತು ಇದು,” ಎಂದು ಅವಳು ಚೆಲ್ಲಲು ಹೊರಟಳು. ದ್ವಾರಕಾಬಾಯಿ ತಡೆದಳು: “ತಡಿ. ಹುಳಿ ಹಿಡಿಯೂ ಮುಂದ ಹಿಂಗs ಮಾಡತದ. ದ್ವಾಸಿ ಹಿಟ್ಟು ಕಂಡಿಲ್ಲೇನು ನಾನು?” ಅವಳ ಮಾತು ನಿಜವಾಯಿತು. ಐದನೆಯ ದಿನಕ್ಕೆ ಹಿಟ್ಟು ಗುಳ್ಳೆಗುಳ್ಳೆಯಾಗಿ ಮೇಲೆದ್ದು, ಹಣ್ಣಿನಂಥ ವಾಸನೆ ಬಿಟ್ಟಿತು.

ದಿನಾ ತೆಗೆದ ಅರ್ಧ ಹಿಟ್ಟನ್ನು ಚೆಲ್ಲುವುದು ಪಾವೊಲಾಳ ದೇಶದ ಪದ್ಧತಿ. ಚೆಲ್ಲುವ ಮಾತು ಕೇಳಿ ದ್ವಾರಕಾಬಾಯಿ ಹೌಹಾರಿದಳು. ಆಗಲೇ ಅವಳ ಕಣ್ಣು ನನ್ನ ಮೇಲೆ ಬಿತ್ತು. ಇಬ್ಬರೂ ಸೇರಿ ನನ್ನನ್ನು ಹೌದಿನ ಮೇಲಿಂದ ಎತ್ತಿದರು, ಪಾಚಿ ತಿಕ್ಕಿದರು, ಬಿಸಿಲಿಗೆ ಒಣಗಿಸಿದರು, ಎಣ್ಣೆ ಸವರಿದರು. ಹಿತ್ತಲಲ್ಲಿ ಇದ್ದಲಿನ ಶೆಗಡಿ ಹೊತ್ತಿಸಿ ನನ್ನನ್ನು ಮೇಲಿಟ್ಟರು. ಹದಿನೇಳು ವರ್ಷದ ಮೇಲೆ ಬೆಂಕಿ! ಒಡೆದೇನೋ ಎಂದು ಹೆದರಿದೆ. ಒಡೆಯಲಿಲ್ಲ. ತೆಗೆದ ಹಿಟ್ಟಿಗೆ ಜೀರಿಗೆ, ಹಸಿಮೆಣಸಿನಕಾಯಿ ಕಲಸಿ ದ್ವಾರಕಾಬಾಯಿ ನನ್ನ ಮೇಲೆ ದೋಸೆ ಹುಯ್ದಳು. ಅವತ್ತು ಪಾವೊಲಾ ಒಂದು ತಿಂದಳು. ಮರುದಿನ ಎರಡು. ತಾಯಿ ಹೋದ ಮೇಲೆ ಅವಳ ಹೊಟ್ಟೆಗೆ ಬಿದ್ದ ಮೊದಲ ಬಿಸಿ ತುತ್ತು ನನ್ನ ಮೇಲೆ ಬೆಂದದ್ದು. ದ್ವಾರಕಾಬಾಯಿ ಮಾತ್ರ ತುಸು ದೂರ ಕೂತು, ಅವಳ ತಾಟು ತನಗೆ ತಗಲದಂತೆ ನೋಡಿಕೊಳ್ಳುತ್ತಿದ್ದಳು.

ಚೀಸಿನ ಸರದಿ ಬಂದಾಗ ಸಣ್ಣ ತೊಡಕಾಯಿತು. ಗವಳಿಯವನು ತಂದ ಎಮ್ಮೆ ಹಾಲು ಕಂಡು ಪಾವೊಲಾಳ ಕಣ್ಣು ಅರಳಿತು. ಅವಳ ತಾಯಿಯ ತವರಿನಲ್ಲೂ ಚೀಸು ಎಮ್ಮೆ ಹಾಲಿನದೇ ಅಂತೆ. ಆದರೆ ಅದಕ್ಕೆ ಹಾಲು ಒಡೆಸಬೇಕು. ಬೇಕೆಂದೇ ಹಾಲಿಗೆ ಹುಳಿ ಹಿಂಡುವುದನ್ನು ದ್ವಾರಕಾಬಾಯಿ ಜನ್ಮದಲ್ಲಿ ಕಂಡಿರಲಿಲ್ಲ.

“ಹಾಲು ಒಡಸೂದಂದ್ರ ಅಪಶಕುನ, ಪಾವಲೀ.”

“ಒಡೀದಿದ್ರ ಆಗೂದಿಲ್ಲ, ಮಾವಶಿ.”

ದ್ವಾರಕಾಬಾಯಿ ಮುಖ ತಿರುಗಿಸಿ ತುಳಸಿಕಟ್ಟೆಯ ಕಡೆ ನಿಂತಳು. ಪಾವೊಲಾ ಉಗುರುಬೆಚ್ಚಗಿನ ಹಾಲಿಗೆ ನಿಂಬೆ ಹಿಂಡಿ, ಗಟ್ಟಿಯಾದದ್ದನ್ನು ಬಿಸಿನೀರಿನಲ್ಲಿ ಅದ್ದಿ ಅದ್ದಿ ಎಳೆದಳು. ಅದು ರೇಷ್ಮೆಯ ಹಾಗೆ ಉದ್ದಕ್ಕೆ ಎಳೆಯಾಗಿ ಬಂತು. ಕಣ್ಣ ತುದಿಯಲ್ಲಿ ನೋಡುತ್ತಿದ್ದ ದ್ವಾರಕಾಬಾಯಿ ಮೆಲ್ಲಗೆ ತಿರುಗಿದಳು. “ಒಡದ ಹಾಲೂ ಹಾಲs ಅಲ್ಲೇನು,” ಎಂದು ತನಗೆ ತಾನೇ ಹೇಳಿಕೊಂಡಳು.

ಹದಿಮೂರನೆಯ ದಿನ ಬಂತು. ಹಿಂದಿನ ಮಧ್ಯಾಹ್ನವೇ ಮೈದಾ, ಉಪ್ಪು ಸೇರಿಸಿ ನಾದಿಟ್ಟ ಹಿಟ್ಟು ಮೆತ್ತಗೆ ಉಬ್ಬಿತ್ತು. ಪಾವೊಲಾ ತಲೆಗೆ ನೀರು ಹಾಕಿಕೊಂಡು ಬಂದಳು. ಶ್ಯಾಮರಾಯರು ಟೊಮ್ಯಾಟೊ ನೋಡಿ ಮೆತ್ತಗೆ ಕೇಳಿದರು, “ಅಲ್ಲ, ತಿಥಿಗೆ ಟೊಮ್ಯಾಟೊ ಬರೂದಿಲ್ಲಲ್ಲ?”

“ಅವರ ತಿಥಿ ಅವರ ಊರಿನ ಪ್ರಕಾರ. ನೀವು ಸುಮ್ಮನ ಇದ್ದಲಿಗೆ ಗಾಳಿ ಹಾಕ್ರಿ,” ಎಂದಳು ಹೆಂಡತಿ.

ದ್ವಾರಕಾಬಾಯಿ ಲಟ್ಟಣಿಗೆ ತಂದುಕೊಟ್ಟಳು. ಪಾವೊಲಾ ಬೇಡವೆಂದಳು. ಲಟ್ಟಿಸಿದರೆ ಒಳಗಿನ ಗಾಳಿ ಹೋಗುತ್ತದೆ, ಕೈಯಿಂದಲೇ ಆಗಬೇಕು. ನಡುವಿನಿಂದ ಬೆರಳಲ್ಲಿ ಒತ್ತುತ್ತ, ಅಂಚನ್ನು ದಪ್ಪಗೆ ಬಿಡುತ್ತ, ಎರಡೂ ಕೈಮೇಲೆ ತಿರುಗಿಸುತ್ತ ಅಗಲ ಮಾಡಿದಳು. ಕಿವುಚಿದ ಟೊಮ್ಯಾಟೊ ಸವರಿದಳು, ಚೀಸು ಹರಿದು ಹಾಕಿದಳು. ಅವಳಿಗೆ ಬೇಕಾದ ಸೊಪ್ಪು ಹಿತ್ತಲಲ್ಲೇ ಇತ್ತು; ದ್ವಾರಕಾಬಾಯಿ ಹೂವಿನ ಮಾಲೆಗೆಂದು ಬೆಳೆಸಿದ್ದ ಕಾಮಕಸ್ತೂರಿ. ನನ್ನ ಮೇಲೆ ಕಬ್ಬಿಣದ ಕಡಾಯಿ ಬೋರಲು ಹಾಕಿ, ಅದರ ಮೇಲೂ ಕೆಂಡ ಹೇರಿದರು.

ಮೊದಲನೆಯದು ಕೆಟ್ಟಿತು. ನಾನು ಅತಿಯಾಗಿ ಕಾದಿದ್ದೆ. ಹಿಟ್ಟು ನನಗೆ ಅಂಟಿ ಹರಿಯಿತು, ಕೆಳಗೆ ಕರಕಾಯಿತು. ಪಾವೊಲಾ ಕರಕು ಕೆರೆಯತೊಡಗಿದಳು. “ಅಮ್ಮಂದು ಎಂದೂ ಹಿಂಗ ಆಗ್ತಿರ್ಲಿಲ್ಲ.” ಆ ಕ್ಷಣ ನನಗಾದ ನಾಚಿಕೆ ಯಾರಿಗೆ ಹೇಳಲಿ?

“ಹಂಚಿಗೆ ರೂಢಿ ತಪ್ಪೇದ, ನಿನ್ನ ತಪ್ಪಲ್ಲ,” ಎಂದು ದ್ವಾರಕಾಬಾಯಿ ನನ್ನನ್ನು ಒರೆಸಿ, ಒಂದು ಚಿಟಿಕೆ ಹಿಟ್ಟು ಉದುರಿಸಿದಳು. ಹಿಟ್ಟು ಕಪ್ಪಾಗದೆ ಕೆಂಪಾಗುವ ತನಕ ಕಾದಳು. “ಹ್ಞೂಂ, ಈಗ ಹಾಕು.”

ಎರಡನೆಯದನ್ನು ನಾನು ಬಿಗಿಹಿಡಿಯಲಿಲ್ಲ. ಅಂಚು ಉಬ್ಬಿತು, ಅಲ್ಲಲ್ಲಿ ಕಪ್ಪು ಚುಕ್ಕೆ ಬಿತ್ತು, ಚೀಸು ಕರಗಿ ಕುದಿಯಿತು. ಕಡಾಯಿ ಎತ್ತಿದಾಗ ಬಂದ ವಾಸನೆಗೆ ಪಾವೊಲಾ ಕಣ್ಣು ಮುಚ್ಚಿದಳು.

ಬಾಳೆಲೆ ಹಾಕಿದರು. ದ್ವಾರಕಾಬಾಯಿ ಕೇಳಿದಳು: “ಅವ್ವನ ಹೆಸರೇನು?”

“ಅಸುಂತಾ.”

“ಅಪ್ಪ ಅದಾರಲ್ಲ? ಹಂಗಾದ್ರ ಮುತ್ತೈದಿಯಾಗಿ ಹೋಗ್ಯಾರ. ಅವರ ಹೆಸರಿಲೆ ಒಬ್ಬ ಮುತ್ತೈದಿಗೆ ಉಣ್ಣಿಸಬೇಕು.” ಹೇಳಿ ಮುಗಿಸುವಷ್ಟರಲ್ಲಿ ಅವಳ ದನಿ ಸಣ್ಣದಾಯಿತು. ಬೀದಿಯಲ್ಲಿ ಯಾರೂ ಹೊರಗೆ ಬರುವಂತಿರಲಿಲ್ಲ. ಯಾರನ್ನು ಕರೆಯುವುದು? ಆ ಮನೆಯಲ್ಲಿದ್ದ ಮುತ್ತೈದೆ ಅವಳೊಬ್ಬಳೇ.

ಇನ್ನೊಬ್ಬರ ಕೈಯ ಅಡಿಗೆಯನ್ನು ದ್ವಾರಕಾಬಾಯಿ ಉಣ್ಣುವುದಿಲ್ಲವೆಂದು ಪಾವೊಲಾಳಿಗೆ ಗೊತ್ತಿತ್ತು. “ಇರ್ಲಿ, ಮಾವಶಿ. ಆಕಳಿಗೆ ಕೊಡೋಣು,” ಎಂದಳು.

ದ್ವಾರಕಾಬಾಯಿ ನಿಂತೇ ಇದ್ದಳು. ಅರವತ್ತೆಂಟು ವರ್ಷದ ಹೆಂಗಸು. ಅರಿಸಿನ ಹಚ್ಚಿದ ಅವಳ ಪಾದ ನನ್ನ ಪಕ್ಕದಲ್ಲೇ ಇತ್ತು. ಅದು ಒಂದು ಹೆಜ್ಜೆ ಹಿಂದೆ ಸರಿಯಿತು, ಮತ್ತೆ ಮುಂದೆ ಬಂತು. ಆಮೇಲೆ ಅವಳು ಒಳಗೆ ಹೋಗಿ ಮಣೆ ತಂದು ಹಾಕಿ, ಸೆರಗು ಹೊದ್ದು ಎಲೆಯ ಮುಂದೆ ಕುಳಿತಳು.

“ಬಡಸು, ಪಾವಲೀ.”

ಪಾವೊಲಾ ಬಡಿಸಿದಳು. ದ್ವಾರಕಾಬಾಯಿ ಎಲೆಯ ಸುತ್ತ ನೀರು ಬಿಟ್ಟು, ತಲೆಯೆತ್ತಿ, ಪಕ್ಕದ ಮನೆಯವಳನ್ನು ಕರೆದಷ್ಟು ಸಹಜವಾಗಿ ಕರೆದಳು: “ಅಸುಂತಾಬಾಯೀ, ಬರ್ರಿ. ನಿಮ್ಮ ಮಗಳು ಮಾಡ್ಯಾಳ. ಉಣ್ರಿ.”

ಮೊದಲ ತುತ್ತು ನುಂಗಲು ಅವಳಿಗೆ ಕಷ್ಟವಾಯಿತು. ಎರಡನೆಯದು ಸಲೀಸಾಯಿತು. ಆಮೇಲೆ ಕರಕು ಅಂಚನ್ನೂ ಬಿಡದೆ, ಎಲೆಯಲ್ಲಿ ಒಂದು ಚೂರೂ ಉಳಿಸದೆ ಉಂಡಳು. ಉಂಡಾದ ಮೇಲೆ ಬಡಿಸಿದವರು ಕೇಳಬೇಕಾದ ಮಾತೊಂದಿದೆ. ಶ್ಯಾಮರಾಯರು ಪಾವೊಲಾಳ ಕಿವಿಯಲ್ಲಿ ಹೇಳಿಕೊಟ್ಟರು. ಅವಳು ತಡವರಿಸುತ್ತ ಕೇಳಿದಳು:

“ತೃಪ್ತಿ ಆತೇನ್ರಿ?”

“ತೃಪ್ತಿ ಆತು, ಮಗಳs. ಹೊಟ್ಟಿ ತುಂಬ್ತು,” ಎಂದಳು ದ್ವಾರಕಾಬಾಯಿ.

ಯಾರ ಪರವಾಗಿ ಆ ಉತ್ತರ ಬಂತೆಂದು ಪಾವೊಲಾಳಿಗೆ ತಿಳಿಯಿತು. ಹದಿಮೂರು ದಿನ ತಡೆದಿದ್ದ ಅಳು ಆಗ ಬಂತು. ದ್ವಾರಕಾಬಾಯಿ ಎಂಜಲು ಕೈಯನ್ನು ದೂರ ಹಿಡಿದು, ಇನ್ನೊಂದು ಕೈಯಿಂದ ಅವಳ ಒದ್ದೆ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು.

ಮರುದಿನ ಮುಂಜಾನೆ ಮಹಡಿಯಿಂದ ಷಡ್ಜ ಇಳಿದು ಬಂತು. ಮೊದಲು ಬಿರುಕು, ಆಮೇಲೆ ನೇರ.

ವಿಮಾನಗಳು ಹಾರತೊಡಗಿದ ಮೇಲೆ ಪಾವೊಲಾ ತಂದೆಯ ಬಳಿಗೆ ಹೊರಟಳು. “ಅಪ್ಪಗ ದಿನಾ ಬಿಸಿದು ಮಾಡಿ ಹಾಕು. ಒಬ್ಬರs ಅದಾರ,” ಎಂದಳು ದ್ವಾರಕಾಬಾಯಿ. ಮಡಿಯನ್ನು ಅವಳು ಬಿಟ್ಟಳೆಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಪ್ರವಾಸಕ್ಕೆ ಅವಲಕ್ಕಿ ಕಟ್ಟಿಕೊಳ್ಳುತ್ತಾಳೆ. ಆದರೆ ನನ್ನನ್ನು ಹೌದಿನ ಮೇಲೆ ಹಾಕಲಿಲ್ಲ. ಶೆಗಡಿಯ ಜೊತೆ ಇಟ್ಟುಕೊಂಡು ಮೂರು ವರ್ಷ ರೊಟ್ಟಿ ಸುಟ್ಟಳು. ಒಂದು ಚಳಿಗಾಲದಲ್ಲಿ ಕಾದ ನನ್ನ ಮೇಲೆ ತಣ್ಣೀರು ಚೆಲ್ಲಿತು. ಟಣ್ ಎಂದು ಸೀಳುಬಿಟ್ಟೆ. ಇನ್ನು ಬೆಂಕಿ ತಡೆಯಲಾರೆ.

ಈಗ ಹಿತ್ತಲ ಬಾಗಿಲ ಪಕ್ಕದ ಗೋಡೆಗೆ ಒರಗಿಕೊಂಡಿದ್ದೇನೆ. ನನ್ನ ಮೇಲೆ ಬೆಂದ ರೊಟ್ಟಿ ಎಷ್ಟು ಸಾವಿರವೋ. ಅವನ್ನೆಲ್ಲ ಜನ ತಮ್ಮ ಹಸಿವಿಗೆ ಉಂಡರು. ಇನ್ನೊಬ್ಬರ ದುಃಖ ಇಳಿಯಲೆಂದು ಒಬ್ಬಳು ಉಂಡದ್ದನ್ನು ಒಂದೇ ಸಲ ಕಂಡೆ. ಎಷ್ಟು ಬೆಂಕಿ ತಿಂದಿದ್ದರೂ ಆ ದಿನದ ಕಾವು ಬೇರೆ.

ಮೊನ್ನೆ ಹಿತ್ತಲು ಗುಡಿಸಲು ಬಂದವಳು ನನ್ನನ್ನು ಕಾಲಿನಿಂದ ಸರಿಸಿ ಕೇಳಿದಳು, “ಒಡದ ಕಲ್ಲು ಯಾಕ ಇಟ್ಟೀರಿ, ಅಮ್ಮಾರ? ತಿಪ್ಪಿಗೆ ಒಗದು ಬರಲೇನು?”

ಹೊಸ್ತಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದ ದ್ವಾರಕಾಬಾಯಿ ತಲೆಯೆತ್ತದೆ ಹೇಳಿದಳು:

“ಕಾಲು ಹಚ್ಚಬ್ಯಾಡ ಅದಕ್ಕ. ಭಾಳ ದುಡದದ. ಕೂಡ್ಲಿ.”