ಒಂದು ನಂಬರಿಗೆ ಎರಡು ಕೂಸು

ಜನನ ನೋಂದಣಿ ಕಚೇರಿಯಲ್ಲಿ ನಂಬರು ತಪ್ಪುವಂತಿಲ್ಲ. 4117 ಆದ ಮೇಲೆ 4118 ಬರಲೇಬೇಕು. ನಡುವೆ ಒಂದು ಇಲ್ಲವೆಂದರೆ ಯಾರೋ ಪ್ರಮಾಣಪತ್ರ ಮಾಯ ಮಾಡಿದ್ದಾರೆಂದೇ ತನಿಖೆಯವರು ತಿಳಿಯುತ್ತಾರೆ. ನಾನು ಬರೆದ ಪ್ರೋಗ್ರಾಂ ಡೇಟಾಬೇಸಿನಲ್ಲೇ ಇರುವ ಸಿದ್ಧ ಎಣಿಕೆಯನ್ನು ನಂಬಿತ್ತು. ಅದು ಕೇಳಿದವರಿಗೆಲ್ಲ ನಂಬರು ಕೊಡುತ್ತದೆ, ಕೊಟ್ಟದ್ದನ್ನು ವಾಪಸು ಪಡೆಯುವುದಿಲ್ಲ. ಗುಮಾಸ್ತರು ನೋಂದಣಿಯನ್ನು ಅರ್ಧಕ್ಕೆ ಬಿಟ್ಟರೆ ನಂಬರು ಗುಳುಂ.

"ಏನಮ್ಮ ಮೂಗಿ, 4118 ಎಲ್ಲಿ? ನೀನೇ ನುಂಗಿ ನೀರು ಕುಡಿದ್ಯಾ?" ಎಂದರು ಸಾಹೇಬರು. ಎಲ್ಲರೂ ನಕ್ಕರು. ಮಾತು ಕಡಿಮೆಯೆಂದು ಕಚೇರಿಯಲ್ಲಿ ನನಗೆ ಅದೇ ಹೆಸರು.

ಉತ್ತರ ಕೊಟ್ಟವಳು ಅತ್ತಿಗೆ. ಅಣ್ಣನನ್ನು ಮದುವೆಯಾಗಿ ಮನೆಗೆ ಬಂದು ಎಂಟು ತಿಂಗಳು, ಇದೇ ಕಚೇರಿಗೆ ಬಂದು ಎರಡು. "ಅಷ್ಟೇ ತಾನೆ ಸಾರ್? ಕೊನೇ ನಂಬರ್ ಯಾವ್ದು ಅಂತ ನೋಡೋದು, ಒಂದು ಕೂಡ್ಸೋದು." ಸಾಹೇಬರು ಮೇಜು ಕುಟ್ಟಿ ಮೆಚ್ಚಿದರು. ಮನೆಯಲ್ಲಿ ಅಮ್ಮನೂ ಹೀಗೆಯೇ, ಸೊಸೆ ಮಡಿಸಿಟ್ಟ ಬಟ್ಟೆಗೂ ಹೊಗಳಿಕೆ.

ಗುರುವಾರ ಮಧ್ಯಾಹ್ನ ಅವಳು ಬರೆದದ್ದನ್ನು ನನಗೆ ತೋರಿಸಿದಳು. "ಒಂಚೂರು ನೋಡೇ, ಏನಾದ್ರೂ ಎಡವಟ್ಟಿದ್ಯಾ? ಸೋಮವಾರದಿಂದ ಶುರು. ಇದು ಸರಿಹೋದ್ರೆ ನನ್ನ ಕೆಲಸ ಖಾಯಂ ಮಾಡ್ತಾರಂತೆ."

ಎಡವಟ್ಟು ನೋಡಿದೊಡನೆ ಕಂಡಿತು. ಎರಡು ಕಿಟಕಿಯ ಗುಮಾಸ್ತರು ಒಂದೇ ಗಳಿಗೆಯಲ್ಲಿ ಗುಂಡಿ ಒತ್ತಿದರೆ ಇಬ್ಬರಿಗೂ ಕಾಣುವುದು ಅದೇ ಕೊನೆಯ ನಂಬರು; ಇಬ್ಬರೂ ಅದಕ್ಕೇ ಒಂದು ಕೂಡಿಸುತ್ತಾರೆ.

"ಚೆನ್ನಾಗಿದೆ ಅತ್ತಿಗೆ," ಎಂದೆ.

ಅವಳು ಅತ್ತ ಹೋದ ಮೇಲೆ ಸರಿಯಾದದ್ದನ್ನು ನಾನೇ ಬರೆದೆ. ಕೊನೆಯ ನಂಬರಿಗೆಂದೇ ಒಂದು ಪುಟ್ಟ ಕೋಷ್ಟಕ, ಅದರಲ್ಲಿ ಒಂದೇ ಸಾಲು. ಒಬ್ಬರು ಹಿಡಿದೊಡನೆ ಆ ಸಾಲಿಗೆ ಬೀಗ. ಅವರದು ಮುಗಿಯುವವರೆಗೆ ಉಳಿದವರು ಕಾಯಬೇಕು. ನಂಬರೂ ನೋಂದಣಿಯೂ ಉಳಿದರೆ ಒಟ್ಟಿಗೆ, ಅಳಿದರೂ ಒಟ್ಟಿಗೆ. ಬರೆದು ಬಚ್ಚಿಟ್ಟೆ. ಹೊಟ್ಟೆಕಿಚ್ಚಿಗೆ ಇಷ್ಟು ತಾಳ್ಮೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ಹನ್ನೊಂದಕ್ಕೆ ಎರಡು ಕಿಟಕಿಗಳಿಂದ ಎರಡು ಪ್ರಮಾಣಪತ್ರ ಹೊರಬಂದವು. ಎರಡಕ್ಕೂ 4203. ಒಬ್ಬ ತಾಯಿ ಕೂಸನ್ನೆತ್ತಿಕೊಂಡು ಆಗಲೇ ಮೆಟ್ಟಿಲಿಳಿದಿದ್ದಳು. ಅತ್ತಿಗೆ ಬರಿಗಾಲಲ್ಲಿ ಬೀದಿಗೋಡಿ ಕರೆತಂದಳು.

"ಎರಡು ಮಕ್ಕಳಿಗೆ ಒಂದೇ ನಂಬರಾ? ನಾಳೆ ಇಬ್ಬರಿಗೂ ಒಂದೇ ಚಡ್ಡಿ ಹೊಲಿಸ್ತೀಯೇನಮ್ಮ?" ಸಾಹೇಬರು ಗುಡುಗಿದರು. "ಖಾಯಂ ಅನ್ನೋ ಮಾತೇ ಎತ್ತಬೇಡ ಇನ್ನು."

ಆಗ ನಾನೆದ್ದೆ. ಬಚ್ಚಿಟ್ಟದ್ದನ್ನು ತೆರೆದೆ. ಗುಮಾಸ್ತರಿಬ್ಬರೂ ಹತ್ತು ಸಲ ಒಟ್ಟಿಗೆ ಒತ್ತಿ ನೋಡಿದರು, ಬೇಕೆಂದೇ ನಡುವೆ ಬಿಟ್ಟೂ ನೋಡಿದರು. ಒಂದು ನಂಬರೂ ತಪ್ಪಲಿಲ್ಲ, ಎರಡಾಗಲಿಲ್ಲ.

"ಅರೆ, ಮೂಗಿ ಅಂದ್ಕೊಂಡಿದ್ನಲ್ಲಮ್ಮ ನಿನ್ನ!"

ಅತ್ತಿಗೆ ನನ್ನ ಹೆಗಲ ಮೇಲಿಂದ ಪರದೆ ನೋಡುತ್ತಿದ್ದಳು. ಫೈಲಿನ ಹೆಸರಿನ ಪಕ್ಕದಲ್ಲೇ ಅದನ್ನು ಬರೆದ ಹೊತ್ತೂ ಇತ್ತು: ಗುರುವಾರ, ಮಧ್ಯಾಹ್ನ 3.10. ಅವಳ ಬೆರಳು ಅದರ ಮೇಲೆ ಒಂದು ಕ್ಷಣ ನಿಂತಿತು. ನೆಲ ಬಾಯ್ಬಿಟ್ಟರೆ ಸಾಕೆನಿಸಿತು.

"ಇವಳಿಗೆ ಮೊದ್ಲೇ ಹೊಳೆದಿತ್ತು ಸಾರ್," ಎಂದಳು. "ನಾನೇ ಆತುರಗೆಟ್ಟು ಕೇಳ್ಲಿಲ್ಲ."

ಸಂಜೆ ಅಡುಗೆಮನೆಯಲ್ಲಿ ಅಮ್ಮನಿಗೂ ಅದನ್ನೇ ಹೇಳಿದಳು. ಅಮ್ಮ ಸೊಸೆಯ ತಲೆ ಸವರಿ, "ಎಷ್ಟು ದೊಡ್ಡ ಮನಸ್ಸೇ ನಿಂದು," ಎಂದಳು. ಬಾಗಿಲ ಹಿಂದೆ ನಿಂತಿದ್ದ ನನಗೆ ಅದಕ್ಕೂ ಹೊಟ್ಟೆ ಉರಿಯಿತು.